ಶುಗರ್ ಇರುವ ಸಸ್ಯಾಹಾರಿಗಳಿಗೆ ಒಂದು ಸಲಹೆ
ಮಾಂಸ ತಿನ್ನದವರ ತಟ್ಟೆಯಲ್ಲಿ ಅಕ್ಕಿ, ಗೋಧಿ, ಆಲೂಗಡ್ಡೆಯೇ ಜಾಸ್ತಿ ಆಗಿಬಿಡುತ್ತದೆ, ಅಲ್ವಾ? ಅರ್ಧ ತಟ್ಟೆ ತರಕಾರಿ, ಸೊಪ್ಪು ಇರಲಿ. ಕಾಲು ಭಾಗ ಕಾಳು, ಉಳಿದದ್ದು ಧಾನ್ಯ. ತರಕಾರಿ, ಕಾಳು ಮೊದಲು ತಿಂದು ಧಾನ್ಯ ಕೊನೆಗೆ ತಿನ್ನಿ. ಆಗ ಊಟದ ನಂತರ ಶುಗರ್ ಏರುವುದು ಕಡಿಮೆ. ಹಣ್ಣನ್ನು ಹಾಗೇ ತಿನ್ನಿ, ಜ್ಯೂಸ್ ಬೇಡ.

ನನ್ನ ಪ್ರಕಾರ ಬಹಳ ಜನ ಮರೆಯುವುದು ಬಿ12 ವಿಟಮಿನ್. ಸಸ್ಯಾಹಾರದಲ್ಲಿ ಅದು ಮೊದಲೇ ಕಡಿಮೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ತೆಗೆದುಕೊಂಡರೆ ಇನ್ನೂ ಇಳಿಯಬಹುದು. ಪಾದ ಜೋಮು ಹಿಡಿದರೆ ಶುಗರಿನಿಂದಲೇ ಅಂತ ಸುಮ್ನೆ ಕೂರಬೇಡಿ. ಡಾಕ್ಟರಿಗೆ ಹೇಳಿ ಬಿ12 ಪರೀಕ್ಷೆಯನ್ನೂ ಮಾಡಿಸಿ.

ಇನ್ಸುಲಿನ್ ತೆಗೆದುಕೊಳ್ಳುವವರು ಧಾನ್ಯ ಒಮ್ಮೆಲೇ ಇಳಿಸಬೇಡಿ, ಶುಗರ್ ತೀರಾ ಕೆಳಗೆ ಹೋಗಬಹುದು. ಡಾಕ್ಟರನ್ನು ಕೇಳಿಯೇ ಬದಲಾಯಿಸಿ.