ಮನೆ ತಪಾಸಣೆ ಕಲಿಸೋಕೆ ನಿಮ್ಮದೇ ನಮೂನೆ ಮಾಡಿಕೊಳ್ಳಿ

ಸಿವಿಲ್ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಒಂದು ಹಾಳೆ ಕೊಟ್ಟು ಮನೆ ನೋಡಿ ವರದಿ ಬರೆಯಿರಿ ಅಂತ ಕಳಿಸುತ್ತೇವೆ. ಆ ಹಾಳೆ ವಾಪಸ್ ಬರುವುದು ಹೀಗೆ: ‘ಗೋಡೆ ಸರಿ ಇದೆ. ಮಾಳಿಗೆ ಸ್ವಲ್ಪ ಸೋರುತ್ತದೆ. ವೈರಿಂಗ್ ಪರವಾಗಿಲ್ಲ.’ ಇದನ್ನು ಓದಿ ಯಾವ ಗೌಂಡಿ ಏನು ರಿಪೇರಿ ಮಾಡಬೇಕು? ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಹಾಳೆ ಕೇಳಿದ್ದೇ ಅಷ್ಟು. ನಮೂನೆ ಸರಿಯಾಗಿ ಕೇಳಿದರೆ ಮೊದಲ ವರ್ಷದ ಹುಡುಗಿಯೂ ಚೆನ್ನಾಗಿ ನೋಡಿ ಬರುತ್ತಾಳೆ.

ಇಂಟರ್‌ನೆಟ್‌ನಿಂದ ಇಳಿಸಿಕೊಂಡ ವಿದೇಶಿ ನಮೂನೆ ಬೇಡವೇ ಬೇಡ. ಅದರಲ್ಲಿ ನೆಲಮಾಳಿಗೆ, ಬೆಂಕಿಗೂಡು, ಮನೆ ಬೆಚ್ಚಗಿಡುವ ಯಂತ್ರ ಎಲ್ಲ ಇರುತ್ತವೆ. ಎರೆಮಣ್ಣಿನ ಮೇಲೆ ನಿಂತ ಪಾಯ ಇರುವುದಿಲ್ಲ. ತೊಲೆ, ಜಂತಿ ಇರುವುದಿಲ್ಲ. ನಮಗೆ ಬೇಕಾದದ್ದನ್ನು ನಾವೇ ಬರೆದುಕೊಳ್ಳಬೇಕು.

1. ಯಾವ ಮನೆ ಅಂತ ಮೊದಲು ತೀರ್ಮಾನಿಸಿ

ಬಾಗಲಕೋಟೆಯ ನವನಗರದ ಆರ್‌ಸಿಸಿ (ಕಬ್ಬಿಣದ ಸರಳು ಹಾಕಿದ ಕಾಂಕ್ರೀಟ್) ಮನೆಗೂ ಸುತ್ತಲಿನ ಹಳ್ಳಿಯ, ತೊಲೆ ಜಂತಿಯ ಮೇಲೆ ಮಣ್ಣು ಹಾಸಿದ ಮಾಳಿಗೆ ಮನೆಗೂ ಒಂದೇ ನಮೂನೆ ಆಗುವುದಿಲ್ಲ. ಎರಡನ್ನೂ ಸೇರಿಸಿದರೆ ಅರ್ಧ ಹಾಳೆ ‘ಅನ್ವಯಿಸುವುದಿಲ್ಲ’ ಅಂತಲೇ ತುಂಬುತ್ತದೆ. ಆರ್‌ಸಿಸಿ ಮನೆಯಿಂದ ಶುರು ಮಾಡಿ. ಮಾಳಿಗೆ ಮನೆಗೆ ಬೇರೆ ಹಾಳೆ ಮಾಡಿ. ಅದರಲ್ಲಿ ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗ, ಗೆದ್ದಲು, ಮಾಳಿಗೆ ಮಣ್ಣಿನ ದಪ್ಪ, ನೀರು ಹೊರಹೋಗುವ ದೋಣಿ ಇರಲೇಬೇಕು.

2. ತಲೆಬರಹ

ದಿನಾಂಕ, ಸಮಯ, ಮನೆಯ ಅಂದಾಜು ವಯಸ್ಸು, ಎಷ್ಟು ಅಂತಸ್ತು, ನೋಡಿದವರು ಯಾರು. ಮನೆಯವರ ಹೆಸರು ಬೇಡ, ‘ಮನೆ ಅ’, ‘ಮನೆ ಆ’ ಅಂತ ಗುರುತು ಸಾಕು. ‘ಅಭ್ಯಾಸಕ್ಕೆ ಮಾತ್ರ’ ಅಂತ ದಪ್ಪ ಅಕ್ಷರದಲ್ಲಿ ಮೇಲೆ ಹಾಕಿ. ಇಲ್ಲದಿದ್ದರೆ ಯಾರಾದರೂ ಅದನ್ನೇ ಮನೆ ಮಾರಾಟಕ್ಕೆ ದಾಖಲೆ ಅಂತ ತೋರಿಸಬಹುದು.

ಇನ್ನೊಂದು ಸಾಲು ಎಲ್ಲರೂ ಮರೆಯುತ್ತಾರೆ: ‘ಈಚೆಗೆ ಮಳೆ ಬಿದ್ದದ್ದು ಯಾವಾಗ?’ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಮೇ ತಿಂಗಳಲ್ಲಿ ಬಾಯಿ ಬಿಟ್ಟ ಬಿರುಕು ಸೆಪ್ಟೆಂಬರ್‌ನಲ್ಲಿ ಅರ್ಧ ಮುಚ್ಚಿರಬಹುದು. ಮಳೆಯ ಸಾಲು ಇಲ್ಲದಿದ್ದರೆ ಎರಡು ವರದಿಗಳನ್ನು ಹೋಲಿಸಲು ಆಗುವುದೇ ಇಲ್ಲ.

3. ಸಾಲುಗಳ ಕ್ರಮ

ನಡೆಯುವ ದಾರಿಯ ಹಾಗೆ ಇಡಿ: ಹೊರಗೋಡೆ, ಛಾವಣಿ, ಒಳಕೋಣೆಗಳು, ಅಡುಗೆಮನೆ ಮತ್ತು ಬಚ್ಚಲು, ಕೊನೆಗೆ ಕರೆಂಟ್.

4. ‘ಏನು ಕಂಡಿತು’ ಕೋಷ್ಟಕ

ಇಲ್ಲೇ ಎಲ್ಲರೂ ಕೆಡಿಸುವುದು. ಆದ್ದರಿಂದ ಇದಕ್ಕೆ ಜಾಸ್ತಿ ಸಮಯ ಕೊಡಿ.

‘ಸರಿ / ಸರಿಯಿಲ್ಲ’ ಚೌಕಗಳನ್ನು ಪೂರ್ತಿ ತೆಗೆದುಹಾಕಿ. ಬದಲಿಗೆ ನಾಲ್ಕು ಕಾಲಂ ಎಳೆಯಿರಿ: ಎಲ್ಲಿ, ಏನು ಕಂಡಿತು, ಅಳತೆ, ಫೋಟೊ ಸಂಖ್ಯೆ. ‘ಎಲ್ಲಿ’ ಅಂದರೆ ‘ಪಡಸಾಲೆ ಗೋಡೆ’ ಅಂತ ಬರೆದರೆ ಸಾಲದು. ‘ಪಡಸಾಲೆ, ಪೂರ್ವದ ಗೋಡೆ, ಕಿಟಕಿಯ ಬಲ ಮೂಲೆಯಿಂದ ಮೇಲಕ್ಕೆ’ ಅಂತ ಇರಬೇಕು. ಬೇರೆಯವರು ಹೋಗಿ ಅದೇ ಜಾಗದ ಮೇಲೆ ಬೆರಳಿಡುವಂತಿರಬೇಕು.

ಬಿರುಕಿಗೆ ಮಾತ್ರ ಪ್ರತ್ಯೇಕ ಕೋಷ್ಟಕ ಮಾಡಿ. ಅದರಲ್ಲಿ ಈ ಪ್ರಶ್ನೆಗಳಿರಲಿ. ಬಿರುಕು ಅಡ್ಡವೋ, ಮೇಲಿಂದ ಕೆಳಕ್ಕೆ ನೇರವೋ, ಓರೆಯೋ? ಎಲ್ಲಿಂದ ಹೊರಟು ಎಲ್ಲಿಗೆ ಮುಗಿಯುತ್ತದೆ? ಗೋಡೆಯ ಆಚೆ ಬದಿಯಲ್ಲೂ ಇದೆಯಾ? ಒಳಗೆ ಬಣ್ಣ ಇಳಿದಿದೆಯಾ? ಬಣ್ಣ ಇಳಿದಿದ್ದರೆ ಆ ಬಿರುಕು ಕೊನೆಯ ಸಲ ಬಣ್ಣ ಹೊಡೆಯುವ ಮೊದಲೇ ಇತ್ತು ಅಂತ ಅರ್ಥ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಲು ಮೂರು ಖಾನೆ ಬಿಡಿ. ಮನೆಯ ಮೂಲೆ ಕುಸಿಯುತ್ತಿದ್ದರೆ ಓರೆ ಬಿರುಕು ಸಾಮಾನ್ಯವಾಗಿ ಮೇಲೆ ಅಗಲವಾಗಿರುತ್ತದೆ. ಗೋಡೆಯ ನಡುಭಾಗ ಕುಸಿದರೆ ಕೆಳಗೆ ಅಗಲ. ಒಂದೇ ಕಡೆ ಅಳೆದರೆ ಈ ಸುಳಿವು ಕೈತಪ್ಪುತ್ತದೆ.

ಅಗಲಕ್ಕೆ ‘ಸಣ್ಣದು, ದೊಡ್ಡದು’ ಅನ್ನುವ ಪದ ಬಳಸಲು ಬಿಡಬೇಡಿ. ಭಾರತೀಯ ಮಾನಕ ಬ್ಯೂರೋ (ಆಗ ಅದರ ಹೆಸರು ಭಾರತೀಯ ಮಾನಕ ಸಂಸ್ಥೆ, ಐಎಸ್‌ಐ) ಕಟ್ಟಡದ ಬಿರುಕುಗಳ ಬಗ್ಗೆ 1984ರಲ್ಲಿ ತಂದ ಕೈಪಿಡಿ, ಎಸ್‌ಪಿ 25, ಮೂರು ವರ್ಗ ಮಾಡುತ್ತದೆ: 1 ಮಿಲಿಮೀಟರ್‌ಗಿಂತ ಕಡಿಮೆ, 1ರಿಂದ 2, 2ಕ್ಕಿಂತ ಜಾಸ್ತಿ. ಅದನ್ನೇ ಇಟ್ಟುಕೊಳ್ಳಿ. ಅಳೆಯಲು ಪಾರದರ್ಶಕ ಹಾಳೆಯ ಮೇಲೆ ಬೇರೆಬೇರೆ ದಪ್ಪದ ಗೆರೆ ಮುದ್ರಿಸಿಕೊಂಡು ಬಿರುಕಿನ ಪಕ್ಕ ಹಿಡಿದರೆ ಸಾಕು. ಮುದ್ರಿಸಿದ ಗೆರೆಗಳನ್ನು ಲ್ಯಾಬ್‌ನಲ್ಲಿ ಒಮ್ಮೆ ಅಳೆದು ನೋಡಿ, ಜೆರಾಕ್ಸ್‌ನಲ್ಲಿ ಗಾತ್ರ ಬದಲಾಗುತ್ತದೆ. ಫೋಟೊದಲ್ಲಿ ಸ್ಟೀಲ್ ಸ್ಕೇಲ್ ಕಾಣಲೇಬೇಕು.

ತೇವದ ಸಾಲಿನಲ್ಲೂ ಹೀಗೇ. ‘ಥಂಡಿ ಇದೆ’ ಅಂದರೆ ಏನೂ ಹೇಳಿದಂತಾಗಲಿಲ್ಲ. ನೆಲದಿಂದ ಎಷ್ಟು ಎತ್ತರದವರೆಗೆ ಗುರುತಿದೆ, ಬಿಳಿ ಉಪ್ಪು ಎದ್ದಿದೆಯಾ, ಗೋಡೆಯ ಹಿಂದೆ ಬಚ್ಚಲು ಇದೆಯಾ ಅಂತ ಕೇಳಿ. ಮಲಪ್ರಭಾ, ಘಟಪ್ರಭಾ ದಂಡೆಯ ಊರುಗಳಲ್ಲಾದರೆ 2019ರ ಆಗಸ್ಟ್ ಪ್ರವಾಹದ ಗುರುತು ಎಷ್ಟು ಎತ್ತರದಲ್ಲಿತ್ತು ಅಂತ ಮನೆಯವರನ್ನು ಕೇಳಿ ಬರೆಯುವ ಸಾಲೂ ಇರಲಿ.

ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಎರಡು ಮೊಳೆಯ ತೇವ ಮೀಟರ್ ಕೊಳ್ಳಬೇಡಿ. ಅದು ಕಟ್ಟಿಗೆಗೆ ಅಂತ ಮಾಡಿದ್ದು. ಉಪ್ಪು ಹಿಡಿದ ಗೋಡೆಯಲ್ಲಿ ಕರೆಂಟ್ ಸುಲಭವಾಗಿ ಹರಿಯುವುದರಿಂದ ಒಣಗಿದ್ದರೂ ‘ಒದ್ದೆ’ ಅಂತ ತೋರಿಸುತ್ತದೆ. ನಮ್ಮ ಕಡೆ ಸವಳು ನೀರು ಬಳಸಿ ಕಟ್ಟಿದ ಗೋಡೆಗಳು ಎಷ್ಟಿಲ್ಲ ಹೇಳಿ? ಆ ದುಡ್ಡಿಗೆ ಒಳ್ಳೆಯ ಟಾರ್ಚ್ ತನ್ನಿ. ಗೋಡೆಗೆ ಒತ್ತಿ ಅಡ್ಡಲಾಗಿ ಬೆಳಕು ಬಿಟ್ಟರೆ ಉಬ್ಬಿದ ಪ್ಲಾಸ್ಟರ್ ಎದ್ದು ಕಾಣುತ್ತದೆ.

5. ಕರೆಂಟ್

ವಿದ್ಯಾರ್ಥಿಗಳು ಬೋರ್ಡ್ ಬಿಚ್ಚುವಂತಿಲ್ಲ. ಇದನ್ನು ನಮೂನೆಯಲ್ಲೇ ಮುದ್ರಿಸಿ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯಾ, ಅದರ ಮೇಲೆ 30 ಮಿಲಿಆಂಪಿಯರ್ ಅಂತ ಇದೆಯಾ, ಮನೆಯವರ ಒಪ್ಪಿಗೆ ಪಡೆದು ಟೆಸ್ಟ್ ಗುಂಡಿ ಒತ್ತಿದಾಗ ಬಿದ್ದಿತಾ, ಪ್ಲಗ್‌ಗಳಲ್ಲಿ ಅರ್ಥಿಂಗ್ ತಂತಿ ಜೋಡಿಸಿದೆ ಅಂತ ಮೂರು ಪಿನ್ ಟೆಸ್ಟರ್ ತೋರಿಸಿತಾ. ಇಷ್ಟು ಸಾಕು.

6. ‘ನೋಡಲಾಗಲಿಲ್ಲ’ ಅನ್ನುವ ಜಾಗ

ಪ್ರತಿ ಭಾಗದ ಕೆಳಗೆ ಎರಡು ಸಾಲು ಖಾಲಿ ಬಿಡಿ: ಏನು ನೋಡಲಾಗಲಿಲ್ಲ, ಯಾಕೆ. ಕಪಾಟಿನ ಹಿಂದಿನ ಗೋಡೆ, ಬೀಗ ಹಾಕಿದ ಕೋಣೆ, ಏಣಿ ಇಲ್ಲದ ಛಾವಣಿ. ಈ ಜಾಗ ಇಲ್ಲದಿದ್ದರೆ ಮಕ್ಕಳು ನೋಡದ್ದನ್ನೂ ‘ಸರಿ ಇದೆ’ ಅಂತ ಬರೆದುಬಿಡುತ್ತಾರೆ. ನಾಳೆ ಕೆಲಸಕ್ಕೆ ಸೇರಿದಾಗ ಆ ಅಭ್ಯಾಸ ಒಂದು ಕುಟುಂಬವನ್ನೇ ಅಪಾಯಕ್ಕೆ ತಳ್ಳಬಹುದು. ದಯವಿಟ್ಟು ಇದನ್ನು ಬಿಡಬೇಡಿ.

7. ಕಾರಣ ಮತ್ತು ಸಲಹೆ, ಬೇರೆ ಪುಟದಲ್ಲಿ

ಕಂಡದ್ದು ಮತ್ತು ಅನಿಸಿದ್ದು ಒಂದೇ ಪುಟದಲ್ಲಿ ಇರಬಾರದು. ಬಿರುಕು ಕಂಡ ಕೂಡಲೇ ‘ಪಾಯ ಕುಸಿದಿದೆ’ ಅಂತ ಬರೆದವರು ಆಮೇಲೆ ಅಳತೆ ತೆಗೆಯುವುದಿಲ್ಲ. ಕಾಂಕ್ರೀಟ್ ಕಂಬವೂ ಇಟ್ಟಿಗೆ ಗೋಡೆಯೂ ಸೇರುವಲ್ಲಿ ಮೇಲಿಂದ ಕೆಳಕ್ಕೆ ನೇರವಾಗಿ ಬರುವ ಸಣ್ಣ ಬಿರುಕಿಗೂ ಪಾಯಕ್ಕೂ ಬಹಳ ಸಲ ಸಂಬಂಧವೇ ಇರುವುದಿಲ್ಲ. ಕಾರಣದ ಪುಟವನ್ನು ಕ್ಲಾಸಿಗೆ ಬಂದ ಮೇಲೆ ತುಂಬಿಸಿ. ‘ಇರಬಹುದಾದ ಕಾರಣ’ ಎರಡಾದರೂ ಬರೆಯಲು ಹೇಳಿ, ಪಕ್ಕದಲ್ಲಿ ‘ಯಾರನ್ನು ಕರೆಸಬೇಕು’: ಗೌಂಡಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಸ್ಟ್ರಕ್ಚರಲ್ ಎಂಜಿನಿಯರ್. ಅಂಕದ ಖಾನೆ ಈ ಹಾಳೆಯಲ್ಲಿ ಬೇಡ, ಅದು ಮೇಷ್ಟ್ರ ಹತ್ತಿರ ಇರಲಿ.

8. ನಮೂನೆಯನ್ನೇ ಪರೀಕ್ಷಿಸಿ

ಜೆರಾಕ್ಸ್‌ಗೆ ಕೊಡುವ ಮೊದಲು ಇಬ್ಬರು ವಿದ್ಯಾರ್ಥಿಗಳನ್ನು ಒಂದೇ ಮನೆಗೆ ಬೇರೆಬೇರೆ ಹೊತ್ತಿಗೆ ಕಳಿಸಿ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿ. ಒಬ್ಬರು ಬರೆದದ್ದು ಇನ್ನೊಬ್ಬರ ಹಾಳೆಯಲ್ಲಿ ಇಲ್ಲದಿದ್ದರೆ, ಆ ಸಾಲಿನ ಪ್ರಶ್ನೆಯನ್ನು ತಿದ್ದಿ. ಮೂರನೆಯವರ ಕೈಗೆ ತಿದ್ದಿದ ಹಾಳೆ ಕೊಟ್ಟು ಅದೇ ಮನೆಗೆ ಮತ್ತೆ ಕಳಿಸಿ. ಮೊಬೈಲ್ ಫಾರ್ಮ್ ಮಾಡುವ ಆಸೆ ಇದ್ದರೆ ಇದಾದ ಮೇಲೆ ಮಾಡಿ.