ಹಳೇ ರೈಫಲ್ಲಿನ ಒಳ ಅಳತೆ ತೆಗೆಯುವುದು ಹೇಗೆ?

ಖಂಡೇ ಪೂಜೆಗೆ ಹೊರಬಂದು, ಕುಂಕುಮ ಹಚ್ಚಿಸಿಕೊಂಡು ಮತ್ತೆ ಕಪಾಟು ಸೇರುವ ಹಳೇ ರೈಫಲ್ಲುಗಳು ಗದಗ, ಹಾವೇರಿ ಕಡೆಯ ವಾಡೆಗಳಲ್ಲಿವೆ. ಲೈಸೆನ್ಸ್ ಪುಸ್ತಕದಲ್ಲಿ ಬೋರ್, ಅಂದರೆ ನಳಿಗೆಯ ಒಳವ್ಯಾಸ, ಎಷ್ಟೆಂದು ಬರೆದಿರುತ್ತದೆ, ನಿಜ. ಆದರೆ ಹಿಂದೆ ಯಾರಾದರೂ ಚೇಂಬರ್, ಅಂದರೆ ತೋಟಾ ಕೂರುವ ಜಾಗವನ್ನು, ಕೊರೆಸಿ ಬೇರೆ ತೋಟಾಕ್ಕೆ ಹೊಂದಿಸಿದ್ದರೆ ನಳಿಗೆಯ ಮೇಲಿನ ಮುದ್ರೆ ಹಳೆಯದೇ ಉಳಿದಿರುತ್ತದೆ. ಅದನ್ನು ನಂಬಬಾರದು. ಆ ಜಾಗದಲ್ಲೇ ಎರಕ ಹೊಯ್ದು ಅಳೆಯಬೇಕು.

ಇದಕ್ಕೆ ಸೆರೋಸೇಫ್ ಎಂಬ ಮಿಶ್ರಲೋಹ ಬಳಸುತ್ತಾರೆ. ಬಿಸ್ಮತ್, ಸೀಸ, ತವರ, ಕ್ಯಾಡ್ಮಿಯಂ ಬೆರೆತದ್ದು. 70ರಿಂದ 88 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುವುದರಿಂದ ಕುದಿಯುವ ನೀರಿನಲ್ಲಿ ಬಟ್ಟಲು ಇಟ್ಟರೆ ಸಾಕು. ನೇರ ಉರಿಗೆ ಇಡಬೇಡಿ, ಕ್ಯಾಡ್ಮಿಯಂ ಹೊಗೆ ವಿಷ. ಆ ಬಟ್ಟಲು ಮತ್ತೆ ಅಡುಗೆಮನೆಗೆ ಹೋಗಕೂಡದು.

ಮೊದಲು ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಂಡು, ಚೇಂಬರಿನ ಹಿಂಬದಿ ಮುಚ್ಚುವ ಬೋಲ್ಟ್ ತೆಗೆಯಿರಿ. ಹಿತ್ತಾಳೆ ಬ್ರಶ್ಶಿನಿಂದ ಒಳಗಿನ ಜಿಡ್ಡು, ತುಕ್ಕು ತೆಗೆದು ಒಣಬಟ್ಟೆಯಿಂದ ಒರೆಸಿ. ಎಣ್ಣೆಯ ಪಸೆ ಮಾತ್ರ ಉಳಿಯಲಿ, ದಪ್ಪಗಿದ್ದರೆ ಅಳತೆ ಕೆಡುತ್ತದೆ. ಚೇಂಬರ್ ಮುಗಿದು ನಳಿಗೆಯೊಳಗಿನ ಸುರುಳಿ ಗೆರೆ ಶುರುವಾದ ಮೇಲೆ ಅರ್ಧ ಇಂಚು ಬಿಟ್ಟು, ಒಳಗೆ ಬಟ್ಟೆಯ ಬಿರಡೆ ಬಿಗಿಯಾಗಿ ಕೂರಿಸಿ. ನಳಿಗೆಯ ಬಾಯಿ ಕೆಳಗೆ ಮಾಡಿ ನಿಲ್ಲಿಸಿ, ಲೋಹವನ್ನು ಒಂದೇ ಧಾರೆಯಾಗಿ ಹೊಯ್ಯಿರಿ. ಚೇಂಬರಿನ ಅಂಚು ಮುಟ್ಟುವ ಮೊದಲೇ ನಿಲ್ಲಿಸಿ. ಉಕ್ಕಿ ಬೋಲ್ಟಿನ ಸಂದಿಗೆ ಇಳಿದರೆ ಅಚ್ಚು ಸಿಕ್ಕಿಕೊಳ್ಳುತ್ತದೆ. ಆಗಲೂ ಗಾಬರಿ ಬೇಡ, ಬಿಸಿನೀರು ಹಾಕಿದರೆ ಕರಗಿ ಬರುತ್ತದೆ.

ಇನ್ನು ಗಡಿಯಾರದ ಕೆಲಸ. ಈ ಲೋಹ ಮೊದಲ ಅರ್ಧ ತಾಸು ಕುಗ್ಗುತ್ತದೆ. ಅಷ್ಟರೊಳಗೆ ಬಾಯಿಯ ಕಡೆಯಿಂದ ಕಟ್ಟಿಗೆಯ ಕೋಲಿನಿಂದ ಮೆಲ್ಲಗೆ ದೂಡಿ ಹೊರತೆಗೆಯಬೇಕು. ಆಮೇಲೆ ಹಿಗ್ಗತೊಡಗಿ, ಹೊಯ್ದ ಒಂದು ತಾಸಿಗೆ ಸರಿಯಾಗಿ ಚೇಂಬರಿನ ಅಳತೆಗೇ ಬಂದು ನಿಲ್ಲುತ್ತದೆ. ಎರಡು ತಾಸಾದರೆ ಇಂಚಿಗೆ 0.0016 ಇಂಚು ಹೆಚ್ಚು. ಎಂಟು ದಿನಕ್ಕೆ 0.0025. ಹೀಗಾಗಿ ಗದಗಿನಲ್ಲಿ ಹೊಯ್ದು, ಬಸ್ ಹತ್ತಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಲೇಥ್ ಅಂಗಡಿಯಲ್ಲಿ ಅಳೆಸುತ್ತೇನೆಂದರೆ ತಡವಾದೀತು. ಮೈಕ್ರೋಮೀಟರನ್ನೇ ಮನೆಗೆ ತರಿಸಿಕೊಳ್ಳುವುದು ವಾಸಿ. ಅಂಗಡಿಗೇ ಹೋಗಬೇಕಾದರೆ ಅಚ್ಚು ಮಾತ್ರ ಒಯ್ದು, ಆದ ಹೊತ್ತು ಲೆಕ್ಕ ಹಾಕಿ, ಅಷ್ಟರಲ್ಲಿ ಹಿಗ್ಗಿದ್ದನ್ನು ಕಳೆಯಿರಿ. ಬಂದೂಕು ಒಯ್ಯುವ ಮಾತೇ ಬೇಡ: 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅದರ ರಿಪೇರಿ ಲೈಸೆನ್ಸ್ ಇರುವ ಕಡೆಯೇ ಆಗಬೇಕು.

ಹಿಂದಿನವರು ಗಂಧಕ ಹೊಯ್ಯುತ್ತಿದ್ದರು. ಅಗ್ಗ, ಆದರೆ ನನಗೆ ಸೇರದು. 115 ಡಿಗ್ರಿಯ ಆಸುಪಾಸು ಕರಗುತ್ತದೆ, 160 ದಾಟಿದರೆ ಅಂಟಾಗುತ್ತದೆ, ಉರಿ ಹತ್ತಿದರೆ ಉಸಿರು ಕಟ್ಟುತ್ತದೆ. ಉಕ್ಕನ್ನೂ ಕಪ್ಪಾಗಿಸುತ್ತದೆ.

ಬೋರಿಗೆ ಸೀಸವೇ ಸಾಕು. ನಳಿಗೆಗಿಂತ ತುಸು ದಪ್ಪನೆಯ ಮೆತ್ತನೆ ಸೀಸದ ತುಂಡಿಗೆ ಎಣ್ಣೆ ಸವರಿ, ನಳಿಗೆಯ ಬಾಯಿಯಿಂದ ಒಳಕ್ಕೆ ತಟ್ಟಿ, ಕೋಲಿನಿಂದ ಪೂರ್ತಿ ದೂಡಿ. ಎನ್‌ಫೀಲ್ಡ್ ರೈಫಲ್ಲಿನ ಬೋರ್ .303 ಎಂಬುದು ಸುರುಳಿ ಗೆರೆಗಳ ನಡುವಿನ ದಿಬ್ಬದಿಂದ ದಿಬ್ಬಕ್ಕಿರುವ ಅಳತೆ, ಇಂಚಿನಲ್ಲಿ. ಅದರ ಗುಂಡು 0.311 ಇಂಚು. ಆದ್ದರಿಂದ ದಿಬ್ಬ, ತಗ್ಗು ಎರಡನ್ನೂ ಬರೆದುಕೊಳ್ಳಿ. ಎನ್‌ಫೀಲ್ಡಿನ ಕೆಲವು ನಳಿಗೆಗಳಲ್ಲಿ ಗೆರೆಗಳು ಐದು, ಎಂದರೆ ತಗ್ಗಿನ ಎದುರಿಗೆ ದಿಬ್ಬ ಬರುತ್ತದೆ. ಸಾದಾ ಮೈಕ್ರೋಮೀಟರ್ ಅಲ್ಲಿ ಸುಳ್ಳು ಹೇಳುತ್ತದೆ, ವಿ ಆಕಾರದ್ದು ಬೇಕು.