ಹೊಸ ಇ–ಮೌಂಟನ್ ಬೈಕ್: ಕೇಬಲ್ ಎಲ್ಲಿ ಉಜ್ಜುತ್ತದೆ, ಬಣ್ಣ ಎಲ್ಲಿ ಹೋಗುತ್ತದೆ?

ಕೊಂಡು ಮೂರು ವಾರವೂ ಆಗಿರದ ನನ್ನ ಇ–ಮೌಂಟನ್ ಬೈಕನ್ನು (ಗುಡ್ಡದ ದಾರಿಗೆಂದು ಮಾಡಿದ, ಮೋಟರ್ ಇರುವ ಸೈಕಲ್ಲು) ಬೆಳಗಾವಿ ಹತ್ತಿರದ ಯಳ್ಳೂರಿನ ರಾಜಹಂಸಗಡ ಕೋಟೆ ಹತ್ತಿ ಬಂದ ಒಂದು ಸಂಜೆ ತೊಳೆಯುತ್ತಿದ್ದಾಗ, ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬಿನ ಎಡಮಗ್ಗುಲಲ್ಲಿ ಎಂಟಾಣೆಯಷ್ಟು ಅಗಲಕ್ಕೆ ಬಣ್ಣ ಹೋಗಿ ಅಲ್ಯೂಮಿನಿಯಂ ಬೆಳ್ಳಗೆ ಹೊಳೆಯುತ್ತಿತ್ತು. ಹಿಂದಿನ ಬ್ರೇಕಿನ ಹೋಸ್ (ಬ್ರೇಕಿನ ಎಣ್ಣೆ ಇರುವ ಕೊಳವೆ) ಪ್ರತಿ ತಿರುವಿನಲ್ಲೂ ಅಲ್ಲಿಗೇ ಬಂದು ಉಜ್ಜುತ್ತಿತ್ತು, ಅದರ ಮೇಲೆ ಕೂತ ಕೆಂಪು ಮಣ್ಣು ಮರಳುಕಾಗದದ ಕೆಲಸ ಮಾಡಿತ್ತು. ಮಾರಿದ ಅಂಗಡಿಯವರು ಇದು ಬಳಕೆಯಿಂದಾದ ಸವೆತ, ವಾರಂಟಿಗೆ ಬರುವುದಿಲ್ಲ ಎಂದರು. ಜೋಡಣೆಯ ವೇಳೆ ಹೋಸನ್ನು ಅಳತೆಗೆ ಕತ್ತರಿಸದೆ ಉದ್ದವಾಗಿಯೇ ಬಿಟ್ಟದ್ದರಿಂದ ಹೀಗಾಯಿತು ಎಂಬುದು ನನಗೆ ಸ್ಪಷ್ಟವಿತ್ತು, ಆದರೆ ಮೊದಲ ದಿನದ ಒಂದು ಫೋಟೊ ಕೂಡ ನನ್ನ ಬಳಿ ಇರಲಿಲ್ಲ.

ಕೇಬಲ್ ಸಾಗುವ ದಾರಿ ಮತ್ತು ಫ್ರೇಮಿನ ಬಣ್ಣ ಇವೆರಡನ್ನೂ ಬೇರೆ ಬೇರೆ ತೊಂದರೆಗಳೆಂದು ನೋಡುವುದು ವಾಡಿಕೆ. ಹೊಸ ಸೈಕಲ್ಲಿನಲ್ಲಿ ಅವು ಹೆಚ್ಚಾಗಿ ಒಂದೇ ತೊಂದರೆಯ ಎರಡು ಮುಖಗಳು. ಮೋಟರ್ ಇಲ್ಲದ ಸೈಕಲ್ಲಿನಲ್ಲಿ ಬ್ರೇಕು ಮತ್ತು ಗೇರಿನ ಮೂರು ನಾಲ್ಕು ಕೇಬಲ್‌ಗಳಿದ್ದರೆ, ಇ–ಬೈಕಿನಲ್ಲಿ ಡಿಸ್‌ಪ್ಲೇ, ಮೋಟರ್, ಸೆನ್ಸರ್, ದೀಪ, ಬ್ರೇಕ್ ಹಿಡಿದಾಗ ಮೋಟರ್ ನಿಲ್ಲಿಸುವ ಸ್ವಿಚ್ಚು ಇವುಗಳ ವೈರುಗಳೂ ಅದೇ ಕಿರಿದಾದ ಜಾಗದಲ್ಲಿ ಹೋಗಬೇಕು. ಆದ್ದರಿಂದ ಸೈಕಲ್ ಮನೆಗೆ ಬಂದ ಮೊದಲ ಎರಡು ವಾರಗಳಲ್ಲಿ ಮಾಡಬೇಕಾದ ತಪಾಸಣೆಯನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಅಲೆನ್ ಕೀ ಸೆಟ್, ಒಂದು ಟಾರ್ಚು, ಬಣ್ಣದ ಅಂಗಡಿಯಲ್ಲಿ ಸಿಗುವ ಮಾಸ್ಕಿಂಗ್ ಟೇಪು, ಹಳೆಯ ಟ್ಯೂಬಿನ ಒಂದು ತುಂಡು ಇಷ್ಟಿದ್ದರೆ ಸಾಕು.

ಮೊದಲು ಫೋಟೊ

ಬ್ಯಾಟರಿಯನ್ನು ಆಫ್ ಮಾಡಿ, ಬೀಗ ತೆಗೆದು ಹೊರಗಿಡಿ. ಸೈಕಲ್ಲನ್ನು ಬೆಳಗಿನ ಬಿಸಿಲಿಗೆ ತಂದು, ಬೆಳಕು ಫ್ರೇಮಿನ ಮೇಲೆ ಓರೆಯಾಗಿ ಬೀಳುವಂತೆ ನಿಲ್ಲಿಸಿ ಎರಡೂ ಬದಿ, ಮುಂದೆ, ಹಿಂದೆ, ಅಡಿ, ಬ್ಯಾಟರಿ ಕೂರುವ ಗುಂಡಿ, ಫ್ರೇಮ್ ಸಂಖ್ಯೆ ಇವೆಲ್ಲದರ ಫೋಟೊ ತೆಗೆಯಿರಿ. ಇದು ಒಂದು ಸುತ್ತೂ ತುಳಿಯುವ ಮೊದಲೇ ಆಗಬೇಕು. ಸಾಧ್ಯವಾದರೆ ಅಂಗಡಿಯಲ್ಲೇ, ಬಿಲ್ ಮಾಡಿಸುವ ಮುಂಚೆ ಮಾಡಿ.

ಹ್ಯಾಂಡಲ್ ತಿರುಗಿಸಿ ನೋಡುವುದು

ಹ್ಯಾಂಡಲ್ಲನ್ನು ಎಡಕ್ಕೆ ತುದಿಯವರೆಗೆ, ಬಳಿಕ ಬಲಕ್ಕೆ ತುದಿಯವರೆಗೆ ನಿಧಾನವಾಗಿ ತಿರುಗಿಸಿ. ಎರಡೂ ತುದಿಗಳಲ್ಲಿ ಯಾವ ಕೇಬಲ್ಲೂ ಬಿಗಿದು ಎಳೆಯಬಾರದು, ಮಡಚಿ ಮುರಿಯುವಂತಾಗಬಾರದು, ಕೇಬಲ್ ಒಳಹೋಗುವ ಫ್ರೇಮಿನ ತೂತಿನ ಬಾಯಲ್ಲಿರುವ ರಬ್ಬರ್ ಬಿರಡೆಯನ್ನು ಕಿತ್ತು ಹೊರತರಬಾರದು. ಅಳತೆ ಕಡಿಮೆಯಾದರೆ ಬಿದ್ದಾಗ ಹ್ಯಾಂಡಲ್ ಪೂರ್ತಿ ಹೊರಳಿ, ಹೋಸು ಬ್ರೇಕ್ ಲಿವರಿನ ಬುಡದಲ್ಲಿ ಕಿತ್ತುಬರುವ ಅಪಾಯವಿದೆ. ಹೆಚ್ಚಾದರೆ ಅದು ಬಿಲ್ಲಿನಂತೆ ಮುಂದಕ್ಕೆ ಬಾಗಿ ಹೆಡ್ ಟ್ಯೂಬನ್ನು ಉಜ್ಜುತ್ತದೆ ಇಲ್ಲವೇ ಕಾಡುದಾರಿಯಲ್ಲಿ ಕೊಂಬೆಗೆ ಸಿಕ್ಕಿಕೊಳ್ಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಚಕ್ರವನ್ನು ಹಿಡಿಯುತ್ತದೆ. ಅಮೆರಿಕ ಮತ್ತು ಯುರೋಪಿನ ಬಹುತೇಕ ದೇಶಗಳಲ್ಲಿ ಎಡಗೈ ಲಿವರ್ ಆ ಕೆಲಸ ಮಾಡುತ್ತದೆ. ಫ್ರೇಮಿನ ತೂತುಗಳನ್ನು ಅಲ್ಲಿಯ ಕ್ರಮಕ್ಕೆ ಕೊರೆದಿದ್ದು, ಬ್ರೇಕನ್ನು ಇಲ್ಲಿಯ ಕ್ರಮಕ್ಕೆ ಜೋಡಿಸಿದರೆ, ಎಡ ಲಿವರಿನಿಂದ ಬರುವ ಹಿಂದಿನ ಹೋಸು ಎಡಮಗ್ಗುಲಿನ ತೂತಿಗೇ ಹೋಗಬೇಕಾಗಿ ಬಂದು ಗಿಡ್ಡ ತಿರುವು ತೆಗೆದುಕೊಳ್ಳುತ್ತದೆ. ಎಡ ಲಿವರಿನ ಹೋಸು ಹೆಡ್ ಟ್ಯೂಬಿನ ಮುಂದಿನಿಂದ ಬಳಸಿ ಬಲಮಗ್ಗುಲಿನ ತೂತಿಗೆ ಹೋದರೆ ಬಾಗು ದೊಡ್ಡದಾಗುತ್ತದೆ, ಉಜ್ಜುವಿಕೆ ಕಡಿಮೆಯಾಗುತ್ತದೆ. ಗೇರ್ ಕೇಬಲ್ಲಿಗೂ ಇದೇ ಮಾತು. ತೂತುಗಳನ್ನು ಅದಲುಬದಲು ಮಾಡಲು ಫ್ರೇಮ್ ಅವಕಾಶ ಕೊಟ್ಟರೆ ಅಂಗಡಿಯವರಿಂದಲೇ ಮಾಡಿಸಿಕೊಳ್ಳಿ. ಹೈಡ್ರಾಲಿಕ್ ಹೋಸನ್ನು ಬಿಚ್ಚಿದ ಮೇಲೆ ಎಣ್ಣೆಯಲ್ಲಿ ಸೇರಿದ ಗಾಳಿಯನ್ನು ಹೊರಹಾಕಲೇಬೇಕಾದ್ದರಿಂದ ಅದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಉಜ್ಜುವ ಜಾಗಗಳು ಕಣ್ಣಿಗೆ ಕಾಣದಿದ್ದರೆ ಟೇಪಿನ ಪರೀಕ್ಷೆ ಮಾಡಿ. ಹೆಡ್ ಟ್ಯೂಬಿನ ಎರಡೂ ಮಗ್ಗುಲು, ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಕವಲು) ಭುಜ, ಡೌನ್ ಟ್ಯೂಬಿನ (ಹೆಡ್ ಟ್ಯೂಬಿನಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ತೂತಿನ ಸುತ್ತ, ಹಿಂದಿನ ಬ್ರೇಕಿನ ಹತ್ತಿರದ ಸ್ಟೇ (ಹಿಂದಿನ ಚಕ್ರ ಹಿಡಿದಿರುವ ಫ್ರೇಮಿನ ಸಣ್ಣ ಕೊಳವೆ) ಹೀಗೆ ಅನುಮಾನ ಬಂದಲ್ಲೆಲ್ಲ ಮಾಸ್ಕಿಂಗ್ ಟೇಪಿನ ಚೂರುಗಳನ್ನು ಅಂಟಿಸಿ, ಹತ್ತು ಹದಿನೈದು ಕಿಲೋಮೀಟರ್ ಒರಟು ದಾರಿಯಲ್ಲಿ ತುಳಿದು ಬನ್ನಿ. ಯಾವ ಚೂರು ಕಪ್ಪಾಗಿದೆಯೋ, ಎಲ್ಲಿ ಕಾಗದ ಸವೆದು ಬಣ್ಣ ಕಾಣುತ್ತಿದೆಯೋ ಅಲ್ಲಿ ರಕ್ಷಣೆ ಬೇಕು. ನಾನು ಕಂಡ ಮಟ್ಟಿಗೆ, ಎಲ್ಲೆಡೆ ಪಾರದರ್ಶಕ ಫಿಲ್ಮ್ ಅಂಟಿಸಿ ಹಣ ಕಳೆಯುವುದಕ್ಕಿಂತ ಈ ಪರೀಕ್ಷೆ ಮಾಡಿ ನಾಲ್ಕು ಕಡೆ ಅಂಟಿಸುವುದೇ ಮೇಲು. ಆ ಫಿಲ್ಮ್ ಪಾಲಿಯುರೆಥೇನಿನದು. ಹೆಲಿಕಾಪ್ಟರಿನ ರೆಕ್ಕೆಗಳನ್ನು ಮರಳಿನಿಂದ ಕಾಯಲು ಬಳಸುತ್ತಿದ್ದುದರಿಂದ ಅದಕ್ಕೆ ಹೆಲಿಕಾಪ್ಟರ್ ಟೇಪ್ ಎಂಬ ಹೆಸರೂ ಇದೆ. ಅಂಟಿಸುವ ಮುನ್ನ ಜಾಗವನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಕೆಳಗೆ ಮಣ್ಣಿನ ಕಣ ಉಳಿದರೆ ಫಿಲ್ಮೇ ಬಣ್ಣವನ್ನು ಕೆರೆಯುತ್ತದೆ.

ವೈರು ಮತ್ತು ನೀರು

ಬ್ರೇಕು, ಗೇರುಗಳ ಕೇಬಲ್ ತಪ್ಪಿದರೆ ಬಣ್ಣ ಹೋಗುತ್ತದೆ. ವಿದ್ಯುತ್ ವೈರು ತಪ್ಪಿದರೆ ಸೈಕಲ್ಲೇ ನಿಲ್ಲುತ್ತದೆ. ಜಾಂಬೋಟಿ, ಖಾನಾಪುರದ ಮಳೆಯಲ್ಲಿ ತುಳಿಯುವವರು ಈ ಭಾಗವನ್ನು ಹೆಚ್ಚು ಎಚ್ಚರದಿಂದ ನೋಡಬೇಕು. ವೈರಿನ ಮೇಲೆ ಬಿದ್ದ ನೀರು ವೈರನ್ನೇ ಹಿಡಿದು ಇಳಿಯುತ್ತದೆ. ವೈರು ಮೇಲಿನಿಂದ ನೇರವಾಗಿ ತೂತಿನೊಳಗೆ ಹೋಗಿದ್ದರೆ ನೀರೂ ಒಳಗೆ ಹೋಗುತ್ತದೆ. ವೈರು ತೂತಿಗಿಂತ ಸ್ವಲ್ಪ ಕೆಳಗೆ ಇಳಿದು, ಅಲ್ಲಿಂದ ಮೇಲೇರಿ ಒಳಹೊಕ್ಕರೆ ನೀರು ಆ ಕೆಳಬಾಗಿನಲ್ಲೇ ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ಹಿಂದಿನ ಚಕ್ರದ ಹಬ್ಬಿನಲ್ಲಿ ಮೋಟರ್ ಇದ್ದರೆ ಅದರ ದಪ್ಪ ವೈರು ಆಕ್ಸಲಿನ ತುದಿಯಿಂದ ಹೊರಬರುವಲ್ಲಿ ಈ ಕೆಳಬಾಗು ಇರಲೇಬೇಕು. ಆ ವೈರು ಬ್ರೇಕಿನ ಡಿಸ್ಕಿಗೂ ಚಕ್ರದ ಕಡ್ಡಿಗಳಿಗೂ ತಾಗದಂತೆ ಸ್ಟೇಗೆ ಕಟ್ಟಿರಬೇಕು, ಆದರೆ ಆಕ್ಸಲಿನ ಬುಡದಲ್ಲಿ ಎಳೆತ ಬೀಳುವಷ್ಟು ಬಿಗಿಯಾಗಿ ಅಲ್ಲ.

ಮುಂದೆ ಕನೆಕ್ಟರುಗಳನ್ನು ನೋಡಿ. ಈ ಸೈಕಲ್ಲುಗಳಲ್ಲಿ ಬರುವ ದುಂಡನೆಯ ಜಲನಿರೋಧಕ ಕನೆಕ್ಟರುಗಳ ಎರಡೂ ಭಾಗದಲ್ಲಿ ಸಣ್ಣ ಬಾಣದ ಗುರುತು ಇರುತ್ತದೆ. ಬಾಣಕ್ಕೆ ಬಾಣ ಎದುರಾಗಿಸಿ ನೇರವಾಗಿ ಒತ್ತಬೇಕು, ತಿರುಚಬಾರದು. ತಿರುಚಿದರೆ ಒಳಗಿನ ಪಿನ್ನುಗಳು ಬಾಗುತ್ತವೆ. ಪೂರ್ತಿ ಒಳಗೆ ಕೂರದೆ ಒಂದೆರಡು ಮಿಲಿಮೀಟರ್ ಸಂದು ಉಳಿದಿದ್ದರೆ ಬೇಸಿಗೆಯಲ್ಲಿ ಏನೂ ಗೊತ್ತಾಗುವುದಿಲ್ಲ, ಮೊದಲ ಮಳೆಗೆ ಡಿಸ್‌ಪ್ಲೇಯಲ್ಲಿ ದೋಷದ ಸಂಕೇತ ಮೂಡುತ್ತದೆ. ಪೆಡಲ್ ಬಳಿ ಮೋಟರ್ ಇರುವ ಮಿಡ್ ಡ್ರೈವ್ ಸೈಕಲ್ಲುಗಳಲ್ಲಿ ಹಿಂದಿನ ಸ್ಟೇಯ ಮೇಲಿನ ವೇಗದ ಸೆನ್ಸರ್ ಮತ್ತು ಕಡ್ಡಿಗೆ ಕಟ್ಟಿದ ಅಯಸ್ಕಾಂತದ ನಡುವಿನ ಅಂತರವನ್ನೂ ಕೈಪಿಡಿಯ ಅಳತೆಗೆ ಹೋಲಿಸಿ ನೋಡಿ; ಸೆನ್ಸರ್ ಸರಿದರೆ ಮೋಟರಿನ ಸಹಾಯ ನಿಲ್ಲುತ್ತದೆ.

ವೇಗದ ಮಿತಿ ತೆಗೆಯಲು ಒಂದು ವೈರ್ ಬಿಚ್ಚಿಕೊಡುತ್ತೇವೆ ಎನ್ನುವವರ ಮಾತಿಗೆ ದಯವಿಟ್ಟು ಒಪ್ಪಬೇಡಿ. ಮೋಟರಿನ ಸಾಮರ್ಥ್ಯ 250 ವಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಎಂಬ ಷರತ್ತುಗಳಿರುವುದರಿಂದಲೇ ಇಂಥ ಸೈಕಲ್ಲಿಗೆ ನೋಂದಣಿ ಬೇಕಿಲ್ಲ. ಆ ವೈರ್ ಬಿಚ್ಚಿದರೆ ಕಾನೂನಿನ ರಕ್ಷಣೆಯೂ ವಾರಂಟಿಯೂ ಒಟ್ಟಿಗೆ ಹೋಗುತ್ತವೆ.

ಹಿಂದೆಯೂ ಶಾಕ್ ಅಬ್ಸಾರ್ಬರ್ ಇರುವ ಸೈಕಲ್ಲಾದರೆ, ಶಾಕಿನ ಗಾಳಿ ಬಿಟ್ಟು ಸೀಟಿನ ಮೇಲೆ ಭಾರ ಹಾಕಿ ಹಿಂಭಾಗವನ್ನು ತಳದವರೆಗೆ ಕುಸಿಸಿ, ಕೇಬಲ್‌ಗಳು ಎಳೆಯುತ್ತವೆಯೇ, ಸಿಕ್ಕಿಕೊಳ್ಳುತ್ತವೆಯೇ ನೋಡಿ. ಗಾಳಿಯನ್ನು ಮತ್ತೆ ಮೊದಲಿನ ಒತ್ತಡಕ್ಕೆ ತುಂಬಲು ಮರೆಯಬೇಡಿ. ಫ್ರೇಮಿನೊಳಗೆ ಕೇಬಲ್ ಟಕಟಕ ಬಡಿಯುವ ಸದ್ದು ಬಂದರೆ, ಅದರ ಮೇಲೆ ಫೋಮಿನ ಕೊಳವೆ ತೊಡಿಸಬೇಕೆಂದು ಅಂಗಡಿಯವರನ್ನು ಕೇಳಿ.

ಬಣ್ಣದ ತಪಾಸಣೆ

ಟಾರ್ಚನ್ನು ಫ್ರೇಮಿಗೆ ಸಮಾನಾಂತರವಾಗಿ ಹಿಡಿದರೆ ಬಣ್ಣದ ದೋಷಗಳು ನೆರಳಾಗಿ ಕಾಣುತ್ತವೆ. ಕಿತ್ತಳೆ ಸಿಪ್ಪೆಯಂಥ ಒರಟು ಕೇವಲ ನೋಟದ ದೋಷ, ಅದರಿಂದ ಬಾಳಿಕೆಗೆ ತೊಂದರೆಯಿಲ್ಲ. ಸೂಜಿಮೊನೆಯಂಥ ತೂತುಗಳು, ಗುಳ್ಳೆಗಳು ಹಾಗಲ್ಲ. ಅಲ್ಲಿಂದ ತೇವ ಒಳಗೆ ಹೋಗಿ ಬಣ್ಣ ಪದರಾಗಿ ಏಳುತ್ತದೆ. ಬೆಸುಗೆಯ ಅಂಚು, ಕೇಬಲ್ ತೂತಿನ ಬಾಯಿ, ಬ್ಯಾಟರಿ ಗುಂಡಿಯ ಮೂಲೆ ಇವುಗಳಲ್ಲಿ ಬಣ್ಣ ತೆಳುವಾಗಿ ಕೂರುವುದು ಸಾಮಾನ್ಯ, ಆದ್ದರಿಂದ ಅಲ್ಲಿಯೇ ಹೆಚ್ಚು ಹೊತ್ತು ನೋಡಿ. ಬಣ್ಣ ಇರಬಾರದ ಕಡೆ ಇದೆಯೇ ಎಂಬುದನ್ನೂ ನೋಡಬೇಕು. ಬ್ರೇಕಿನ ಕ್ಯಾಲಿಪರ್ (ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಕೂರುವ ಮುಖದ ಮೇಲೆ ಬಣ್ಣ ದಪ್ಪವಾಗಿದ್ದರೆ ಕ್ಯಾಲಿಪರ್ ಓರೆಯಾಗಿ ಕೂತು, ಎಷ್ಟು ಹೊಂದಿಸಿದರೂ ಡಿಸ್ಕ್ ಕಿರುಗುಟ್ಟುತ್ತದೆ.

ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಂಥ ಗೆರೆ ಕಂಡರೆ ಅದು ಬಣ್ಣದ್ದೋ ಲೋಹದ್ದೋ ಎಂಬುದು ಮುಖ್ಯ ಪ್ರಶ್ನೆ. ಗೆರೆಯ ಎರಡೂ ತುದಿಯನ್ನು ಮಾರ್ಕರ್ ಪೆನ್ನಿನಿಂದ ಗುರುತಿಸಿ ಫೋಟೊ ತೆಗೆದು, ಸೈಕಲ್ಲನ್ನು ಅಂಗಡಿಗೆ ಒಯ್ಯಿರಿ. ತಜ್ಞರು ನೋಡಿ ಸರಿ ಎನ್ನುವವರೆಗೆ ತುಳಿಯಬೇಡಿ. ಹೆಡ್ ಟ್ಯೂಬಿನ ಬೆಸುಗೆಯ ವಿಷಯದಲ್ಲಿ ಈ ಎಚ್ಚರ ಅತಿಯಾಯಿತು ಎಂದು ನನಗೆ ಎಂದೂ ಅನ್ನಿಸಿಲ್ಲ.

ಸಣ್ಣ ಗೀರುಗಳನ್ನು ಮನೆಯಲ್ಲೇ ತಿದ್ದಬಹುದು. ಗೀರಿನ ಅಂಚನ್ನು ನಯವಾದ ಮರಳುಕಾಗದದಿಂದ ಮೆಲ್ಲಗೆ ಉಜ್ಜಿ, ಸ್ಪಿರಿಟ್‌ನಿಂದ ಒರೆಸಿ, ತಿದ್ದುಬಣ್ಣವನ್ನು ದಪ್ಪವಾಗಿ ಒಮ್ಮೆಗೇ ಹಚ್ಚದೆ ತೆಳುವಾಗಿ ಎರಡು ಮೂರು ಸಲ, ಪ್ರತಿ ಸಲ ಒಣಗಲು ಬಿಟ್ಟು ಹಚ್ಚಿರಿ. ಕೊನೆಯ ಪದರ ಒಂದೆರಡು ದಿನ ಗಟ್ಟಿಯಾದ ಮೇಲೆಯೇ ಫಿಲ್ಮ್ ಅಂಟಿಸಿ. ಅಲ್ಯೂಮಿನಿಯಂ ಕೆಂಪಗೆ ತುಕ್ಕು ಹಿಡಿಯುವುದಿಲ್ಲ, ಬೆಳ್ಳನೆಯ ಪುಡಿ ಕಟ್ಟುತ್ತದೆ. ಒಂದೆರಡು ವಾರ ತಡವಾದರೂ ನಡೆದೀತು. ಉಕ್ಕಿನ ಫ್ರೇಮಾದರೆ ಅದೇ ದಿನ ಮಾಡಿ. ಕಾರ್ಬನ್ ಫ್ರೇಮನ್ನು ಉಜ್ಜಲೇಬೇಡಿ, ಕೆಳಗಿನ ನಾರು ಕತ್ತರಿಸಿಹೋದೀತು.

ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗಿನಲ್ಲಿ ಪೌಡರ್ ಕೋಟಿಂಗ್ (ಪುಡಿಬಣ್ಣದ ಲೇಪ) ಮಾಡಿಸಿ ಫ್ರೇಮನ್ನು ಹೊಸದರಂತೆ ಮಾಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ನನ್ನ ಸಲಹೆ, ಹೊಸ ಇ–ಬೈಕಿಗೆ ಬೇಡ. ಪೌಡರನ್ನು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ಬೇಯಿಸುತ್ತಾರೆ, ಅಷ್ಟರಲ್ಲಿ ಬ್ಯಾಟರಿ, ಮೋಟರ್, ವೈರು, ಬೇರಿಂಗ್ ಎಲ್ಲವೂ ಹೊರಗಿರಬೇಕು. ಇಂಥ ಫ್ರೇಮುಗಳಲ್ಲಿ ಹೆಚ್ಚಾಗಿ ಬಳಸುವ 6061 ಎಂಬ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಬಲ ಬರುವುದೇ ಸುಮಾರು 160ರಿಂದ 180 ಡಿಗ್ರಿಯಲ್ಲಿ ಗಂಟೆಗಟ್ಟಲೆ ಹದಗೊಳಿಸಿದ್ದರಿಂದ. ಮತ್ತೆ ಮತ್ತೆ, ಅದಕ್ಕಿಂತ ಹೆಚ್ಚಿನ ಶಾಖದಲ್ಲಿ ಬೇಯಿಸಿದರೆ ಆ ಹದ ಕೆಡಬಹುದು. ವಾರಂಟಿಯಂತೂ ಉಳಿಯುವ ಸಂಭವ ಕಡಿಮೆ.

ದೂರು ಕೊಡುವುದಿದ್ದರೆ

ದೋಷ ಕಂಡ ದಿನವೇ ಮಾರಾಟಗಾರರಿಗೆ ಬರಹದಲ್ಲಿ, ಮೊದಲ ದಿನದ ಮತ್ತು ಈಗಿನ ಫೋಟೊಗಳೊಂದಿಗೆ ತಿಳಿಸಿ. ಹೋಸಿನ ಉದ್ದ, ರಬ್ಬರ್ ಬಿರಡೆ ಇಲ್ಲದಿರುವುದು, ಕನೆಕ್ಟರ್ ಸಡಿಲ ಇರುವುದು ಇವು ಜೋಡಣೆಯ ದೋಷಗಳು ಎಂದು ಸ್ಪಷ್ಟವಾಗಿ ಬರೆಯಿರಿ. ಬಣ್ಣ ಹೋಗಿದೆ ಎಂದಷ್ಟೇ ಬರೆದರೆ ಅದನ್ನು ಸವೆತದ ಲೆಕ್ಕಕ್ಕೆ ಸೇರಿಸುವುದು ಸುಲಭ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಸಲ್ಲಿಸಬಹುದು, ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.

ಬೇಸಿಗೆಯಲ್ಲಿ ಸೈಕಲ್ ಕೊಂಡವರು ಈ ಎಲ್ಲವನ್ನೂ ರೋಹಿಣಿ ಮಳೆಯ ಹೊತ್ತಿಗೆ ಮುಗಿಸಿಕೊಳ್ಳಿ. ಮೃಗಶಿರಾ ಮಳೆಯಲ್ಲಿ ಒಂದೆರಡು ಸಲ ತುಳಿದ ಮೇಲೆ ಫಿಲ್ಮಿನ ಅಂಚುಗಳನ್ನು, ಕೇಬಲ್ ಟೈಗಳ ಕೆಳಗಿನ ಮಣ್ಣನ್ನು, ಬ್ಯಾಟರಿ ಗುಂಡಿಯ ತಳವನ್ನು ಇನ್ನೊಮ್ಮೆ ನೋಡಿ. ಬೆಳಗಾವಿಯ ಪೂರ್ವದ ಕಡೆ ಎರೆ ಹೊಲಗಳ ದಾರಿಯಲ್ಲಿ ತುಳಿಯುವವರು ಹಿಂದಿನ ಟೈರು ಮತ್ತು ಚೈನ್ ಸ್ಟೇ ನಡುವಿನ ಸಂದಿಯನ್ನೂ ಸೇರಿಸಿಕೊಳ್ಳಬೇಕು. ಅಲ್ಲಿ ಮೆತ್ತಿಕೊಂಡ ಜಿಗಟು ಮಣ್ಣು ಚಕ್ರ ಸುತ್ತಿದಷ್ಟೂ ಬಣ್ಣವನ್ನು ತೇಯುತ್ತದೆ, ಒಂದು ಕಡ್ಡಿಯಿಂದ ದಾರಿಯಲ್ಲೇ ಕೆರೆದು ತೆಗೆಯಿರಿ. ತೊಳೆಯುವಾಗ ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ಬೇಡ. ಬಕೆಟ್ಟು, ಮೃದುವಾದ ಬ್ರಷ್ಷು ಮತ್ತು ಒಣಬಟ್ಟೆ ಸಾಕು.